ಎರಡು ಚಿಮ್ಮು, ನಾಲ್ಕು ಫಲಿತಾಂಶ

ಒಂದು ನಾಣ್ಯವನ್ನು ಎರಡು ಸಲ ಚಿಮ್ಮುತ್ತೇವೆ. ಒಮ್ಮೆಯಾದರೂ ಶಿರ ಬೀಳುವ ಸಂಭವನೀಯತೆ ಎಷ್ಟು? ಫ್ರಾನ್ಸಿನ ಗಣಿತಜ್ಞ ದಾಲಂಬೇರ್ 1754ರಲ್ಲಿ ವಿಶ್ವಕೋಶವೊಂದಕ್ಕೆ ಬರೆದ ಲೇಖನದಲ್ಲಿ, ಉತ್ತರ 2/3 ಇರಬೇಕೆಂದು ವಾದಿಸಿದ. ಮೊದಲ ಸಲವೇ ಶಿರ ಬಿದ್ದರೆ ಆಟ ಮುಗಿಯಿತು, ಮತ್ತೆ ಚಿಮ್ಮುವ ಅಗತ್ಯವೇ ಇಲ್ಲ. ಇಲ್ಲವಾದರೆ ಮೊದಲು ಪುಚ್ಛ, ಆಮೇಲೆ ಶಿರ. ಅದೂ ಇಲ್ಲವಾದರೆ ಎರಡು ಸಲವೂ ಪುಚ್ಛ. ಹೀಗೆ ಮೂರು ದಾರಿಗಳು. ಅವುಗಳಲ್ಲಿ ಎರಡು ನಮಗೆ ಬೇಕಾದವು.

ಕೇಳಲು ಸರಿಯಾಗಿಯೇ ಇದೆ. ಆದರೆ ಸರಿಯಾದ ಉತ್ತರ 3/4. ಶಿರ-ಶಿರ, ಶಿರ-ಪುಚ್ಛ, ಪುಚ್ಛ-ಶಿರ, ಪುಚ್ಛ-ಪುಚ್ಛ ಎಂಬ ನಾಲ್ಕು ಫಲಿತಾಂಶಗಳಲ್ಲಿ ಮೂರರಲ್ಲಿ ಶಿರವಿದೆ. ದಾಲಂಬೇರನ ಮೂರು ದಾರಿಗಳು ಒಂದೇ ತೂಕದವಲ್ಲ: ಮೊದಲನೆಯದರ ಪಾಲು ಅರ್ಧ, ಉಳಿದೆರಡರದು ಕಾಲು ಕಾಲು. ಅಷ್ಟು ದೊಡ್ಡ ಗಣಿತಜ್ಞ ಇಷ್ಟು ಸಣ್ಣ ಲೆಕ್ಕದಲ್ಲಿ ಎಡವಿದ್ದು ಕಂಡಾಗ, ಶಾಲೆಯಲ್ಲಿ ಈ ಪಾಠ ತಲೆಗೆ ಹತ್ತದವರಿಗೆ ಸ್ವಲ್ಪ ಸಮಾಧಾನವಾಗಬಹುದು.

ಸೂತ್ರವೇನೋ ಒಂದು ಸಾಲಿನದು. ಒಂದು ಪ್ರಯೋಗದ ಎಲ್ಲ ಫಲಿತಾಂಶಗಳ ಪಟ್ಟಿಯೇ ಫಲಿತ ಗಣ. ಅದರೊಳಗೆ ನಮಗೆ ಬೇಕಾದ ಭಾಗ ಘಟನೆ. ಬೇಕಾದವುಗಳ ಸಂಖ್ಯೆಯನ್ನು ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಸಂಭವನೀಯತೆ ಸಿಗುತ್ತದೆ. ಅಸಾಧ್ಯವಾದದ್ದಕ್ಕೆ 0, ಖಚಿತವಾದದ್ದಕ್ಕೆ 1, ಉಳಿದದ್ದೆಲ್ಲ ನಡುವೆ. ಆದರೆ ಈ ಭಾಗಾಕಾರಕ್ಕೆ ಒಂದು ಷರತ್ತಿದೆ: ಪಟ್ಟಿಯಲ್ಲಿರುವ ಫಲಿತಾಂಶಗಳೆಲ್ಲ ಸಮಸಂಭವನೀಯವಾಗಿರಬೇಕು, ಅಂದರೆ ಪ್ರತಿಯೊಂದೂ ಬರುವ ಸಾಧ್ಯತೆ ಒಂದೇ ಆಗಿರಬೇಕು. ಷರತ್ತನ್ನು ಮರೆತವರು ಲಾಟರಿಯಲ್ಲಿ ಗೆಲ್ಲುವುದು ಅಥವಾ ಸೋಲುವುದು ಎಂಬ ಎರಡೇ ಫಲಿತಾಂಶಗಳಿರುವುದರಿಂದ ಗೆಲುವಿನ ಸಂಭವನೀಯತೆ ಅರ್ಧ ಎಂದುಬಿಡುತ್ತಾರೆ!

ಗೆಲಿಲಿಯೊನ ಮುಂದೆ ಬಂದ ಪ್ರಶ್ನೆ ಇನ್ನೂ ಸೊಗಸಾದದ್ದು. ಮೂರು ದಾಳಗಳನ್ನು ಉರುಳಿಸಿದಾಗ ಮೊತ್ತ 9 ಬರಲು ಆರು ಬಗೆಗಳಿವೆ: 1-2-6, 1-3-5, 1-4-4, 2-2-5, 2-3-4, 3-3-3. ಮೊತ್ತ 10 ಬರಲೂ ಆರೇ: 1-3-6, 1-4-5, 2-2-6, 2-3-5, 2-4-4, 3-3-4. ಹಾಗಿದ್ದರೂ 10 ಹೆಚ್ಚು ಸಲ ಬೀಳುತ್ತದೆ ಎಂಬುದು ಜೂಜುಗಾರರ ಅನುಭವ. ದಾಳಗಳಿಗೆ ಕೆಂಪು, ಕಪ್ಪು, ಬಿಳಿ ಬಣ್ಣ ಬಳಿದಂತೆ ಕಲ್ಪಿಸಿಕೊಳ್ಳಿ. 1-2-6 ಎಂಬುದು ಆಗ ಆರು ರೀತಿಯಲ್ಲಿ ಬೀಳಬಹುದು, 1-4-4 ಮೂರು ರೀತಿಯಲ್ಲಿ, 3-3-3 ಒಂದೇ ರೀತಿಯಲ್ಲಿ. ಒಟ್ಟು 216 ಫಲಿತಾಂಶಗಳಲ್ಲಿ 9ಕ್ಕೆ ಸೇರುವವು 25, 10ಕ್ಕೆ ಸೇರುವವು 27. ವ್ಯತ್ಯಾಸ ನೂರಕ್ಕೆ ಒಂದರಷ್ಟೂ ಇಲ್ಲ. ಇದನ್ನು ಬರಿಗಣ್ಣಿನಿಂದ ಗುರುತಿಸಬೇಕಾದರೆ ಆ ಜನ ಎಷ್ಟು ರಾತ್ರಿಗಳನ್ನು ದಾಳದ ಮುಂದೆ ಕಳೆದಿರಬೇಕು!

ಪಟ್ಟಿ ಉದ್ದವಾದಾಗ ಎಣಿಸುವ ಬದಲು ತಿರುಗುದಾರಿ ಹಿಡಿಯುವುದು ಲೇಸು. ಫ್ರಾನ್ಸಿನ ಗಣಿತಜ್ಞ ಪಾಸ್ಕಲ್ 1654ರಲ್ಲಿ ಇನ್ನೊಬ್ಬ ಗಣಿತಜ್ಞ ಫರ್ಮಾಗೆ ಬರೆದ ಪತ್ರವೊಂದರಲ್ಲಿ ದ ಮೇರೆ ಎಂಬ ಸರದಾರನ ತಕರಾರು ಬರುತ್ತದೆ. ಒಂದು ದಾಳವನ್ನು ನಾಲ್ಕು ಸಲ ಉರುಳಿಸಿದರೆ ಒಮ್ಮೆಯಾದರೂ 6 ಬೀಳುತ್ತದೆ ಎಂದು ಪಣ ಕಟ್ಟುವುದು ಲಾಭಕರ. ಹಾಗಾದರೆ ಎರಡು ದಾಳಗಳನ್ನು 24 ಸಲ ಉರುಳಿಸಿದರೆ ಒಮ್ಮೆಯಾದರೂ ಜೋಡಿ ಆರು ಬೀಳುತ್ತದೆ ಎಂಬ ಪಣವೂ ಲಾಭಕರವಾಗಬೇಕಲ್ಲ? 6ಕ್ಕೆ 4 ಹೇಗೋ 36ಕ್ಕೆ 24 ಹಾಗೆಯೇ. ಆದರೆ ಅದು ನಷ್ಟದ ಪಣ.

ಇಲ್ಲಿ ‘ಒಮ್ಮೆಯೂ ಬೀಳದಿರುವುದು’ ಎಂಬ ಪೂರಕ ಘಟನೆಯನ್ನು ಹಿಡಿಯಬೇಕು. ಒಂದು ಸಲ 6 ಬೀಳದಿರುವ ಸಂಭವನೀಯತೆ 5/6. ಒಂದು ಎಸೆತ ಇನ್ನೊಂದರ ಮೇಲೆ ಪ್ರಭಾವ ಬೀರುವುದಿಲ್ಲವಾದ್ದರಿಂದ ನಾಲ್ಕು ಸಲಕ್ಕೆ 5/6ನ್ನು ನಾಲ್ಕು ಸಲ ಗುಣಿಸಿದರಾಯಿತು. ಅದನ್ನು 1ರಿಂದ ಕಳೆದರೆ ಸುಮಾರು 0.518, ಅರ್ಧಕ್ಕಿಂತ ಒಂದು ಕೂದಲು ಹೆಚ್ಚು. ಜೋಡಿ ಆರಕ್ಕೆ 35/36ನ್ನು 24 ಸಲ ಗುಣಿಸಿ, 1ರಿಂದ ಕಳೆದರೆ ಸುಮಾರು 0.491, ಒಂದು ಕೂದಲು ಕಡಿಮೆ.

ಪಟ್ಟಿ ಮಾಡಿಯೂ ಪ್ರಯೋಜನವಿಲ್ಲದ ಸಂದರ್ಭಗಳೂ ಉಂಟು. ಬಾಟಲಿಯ ಮುಚ್ಚಳವೊಂದನ್ನು ಚಿಮ್ಮಿದರೆ ಅದು ಅಂಗಾತ ಬೀಳುತ್ತದೆಯೋ ಕವುಚಿ ಬೀಳುತ್ತದೆಯೋ? ಎರಡೂ ಬದಿ ಒಂದೇ ತೆರನಾಗಿಲ್ಲ, ಆದ್ದರಿಂದ ಅರ್ಧ ಎನ್ನಲು ಆಧಾರವಿಲ್ಲ. ಚಿಮ್ಮಿ ಚಿಮ್ಮಿ ನೋಡಬೇಕು. ಪ್ರಯೋಗಗಳು ಹೆಚ್ಚಾದಂತೆ ಹೀಗೆ ಕಂಡ ಅನುಪಾತವು ನಿಜವಾದ ಸಂಭವನೀಯತೆಗೆ ಹತ್ತಿರವಾಗುತ್ತದೆ ಎಂಬ ಭರವಸೆಯನ್ನು ಸ್ವಿಟ್ಜರ್ಲೆಂಡಿನ ಗಣಿತಜ್ಞ ಯಾಕೋಬ್ ಬರ್ನೂಲಿ ಗಣಿತದಿಂದಲೇ ಸಾಧಿಸಿ ತೋರಿಸಿದ. ಅವನ ಗ್ರಂಥ ಪ್ರಕಟವಾದದ್ದು ಅವನು ತೀರಿಕೊಂಡ ಮೇಲೆ, 1713ರಲ್ಲಿ.

ಈ ನಿಯಮವನ್ನೇ ಜನ ತಪ್ಪಾಗಿ ತಿಳಿಯುತ್ತಾರೆ. ಸತತವಾಗಿ ಐದು ಸಲ ಶಿರ ಬಿದ್ದರೆ, ಇನ್ನು ಪುಚ್ಛ ಬೀಳಲೇಬೇಕು, ನಾಣ್ಯ ಬಾಕಿ ತೀರಿಸಬೇಕು ಎಂಬಂತೆ ಕಾಯುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕಿನಲ್ಲಿ ಬಂಧನದಲ್ಲಿದ್ದ ಗಣಿತಜ್ಞ ಜಾನ್ ಕೆರಿಚ್ ಒಂದು ನಾಣ್ಯವನ್ನು 10,000 ಸಲ ಚಿಮ್ಮಿ ಲೆಕ್ಕವಿಟ್ಟ. ಮೊದಲ ನೂರರಲ್ಲಿ ಶಿರ ಬಿದ್ದದ್ದು 44 ಸಲ, ಕೊನೆಗೆ ಒಟ್ಟು 5,067 ಸಲ. ನೂರರ ಹಂತದಲ್ಲಿ ಅರ್ಧಕ್ಕಿಂತ 6 ಕಡಿಮೆಯಿದ್ದದ್ದು ಹತ್ತು ಸಾವಿರದ ಹಂತದಲ್ಲಿ 67 ಹೆಚ್ಚಾಗಿತ್ತು. ಅಂದರೆ ಅಂತರ ಕರಗಲಿಲ್ಲ, ಬೆಳೆಯಿತು. ಆದರೆ ಶೇಕಡಾವಾರು ಮಾತ್ರ 44ರಿಂದ 50.67ಕ್ಕೆ ಬಂತು, ಏಕೆಂದರೆ ಅಷ್ಟು ದೊಡ್ಡ ಮೊತ್ತದಿಂದ ಭಾಗಿಸಿದಾಗ 67 ಎಂಬುದು ಲೆಕ್ಕಕ್ಕೇ ಸಿಗದಷ್ಟು ಸಣ್ಣದು. ನಾಣ್ಯ ಯಾವ ಬಾಕಿಯನ್ನೂ ತೀರಿಸಿರಲಿಲ್ಲ.