ಮುಂಬೈಗೆ ಹೊರಟಿದ್ದೀರಾ? ಮೊದಲು ಯಾವ ವಾರ ನೋಡಿ

ಹುಬ್ಬಳ್ಳಿಯಲ್ಲಿ ಟೂರ್ ಬುಕಿಂಗ್ ಆಫೀಸು ಇಟ್ಟುಕೊಂಡಿರುವ ನನಗೆ ದೀಪಾವಳಿ ಮುಗಿದ ಮೇಲೆ ಬರುವ ಫೋನು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ಸರ, ಮುಂಬೈಗೆ ಹೊಂಟೇವ್ರಿ. ಎರಡ ದಿನದಾಗ ಎಲ್ಲಾ ತೋರಿಸ್ಬೇಕ ನೋಡ್ರಿ." ಎಲ್ಲಾ ಅಂದರೆ ಏನು? ಗೇಟ್‌ವೇ, ಎಲಿಫೆಂಟಾ, ಜುಹು ಬೀಚು, ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಹಾಜಿ ಅಲಿ, ಯಾವುದಾದರೂ ಸಿನಿಮಾ ನಟನ ಮನೆ ಗೇಟು, ಅದರ ನಡುವೆ ಮನೆಯ ಹೆಂಗಸರಿಗೆ ಸೀರೆ, ಮಕ್ಕಳಿಗೆ ಬಟ್ಟೆ. ಪಟ್ಟಿ ಚೆನ್ನಾಗಿಯೇ ಇರುತ್ತದೆ. ಆದರೆ ಆ ಪಟ್ಟಿ ಹಿಡಿದು ಹೊರಟವರು ಅರ್ಧ ದಿನ ಟ್ಯಾಕ್ಸಿಯಲ್ಲೇ ಕಳೆದು ಬರುತ್ತಾರೆ.

ಕಾರಣ ಊರಿನ ಆಕಾರ. ನಮ್ಮ ಹುಬ್ಬಳ್ಳಿ ನಾಲ್ಕೂ ಕಡೆ ಹರಡಿದೆ, ಚೆನ್ನಮ್ಮ ಸರ್ಕಲ್‌ನಿಂದ ಯಾವ ಕಡೆಗೂ ಹೊರಳಬಹುದು. ಮುಂಬೈ ಹಾಗಲ್ಲ, ತೆಂಕಣದಿಂದ ಬಡಗಣಕ್ಕೆ ಹಪ್ಪಳದ ಕೋಲಿನಂತೆ ಉದ್ದಕ್ಕೆ ಚಾಚಿದೆ. ಗೇಟ್‌ವೇ, ಕೊಲಾಬಾ, ಮರೀನ್ ಡ್ರೈವ್, ಕ್ರಾಫರ್ಡ್ ಮಾರ್ಕೆಟ್ ಎಲ್ಲ ದಕ್ಷಿಣದ ತುದಿಗೆ. ಜುಹು ದೂರ ಉತ್ತರಕ್ಕೆ. ಹಾಗಾಗಿ ಎರಡೇ ದಿನ ಇದ್ದರೆ ನಾನು ಜುಹು ಬಿಡಿ ಅಂತಲೇ ಹೇಳುತ್ತೇನೆ. ಮಕ್ಕಳು ಮುಖ ಸಣ್ಣ ಮಾಡುತ್ತಾರೆ, ಮಾಡಲಿ. ಸಮುದ್ರಕ್ಕಿಳಿದು ಆಡಬೇಕಂದರೆ ನಮಗೆ ಗೋಕರ್ಣ, ಕಾರವಾರ ಹತ್ತಿರ ಇವೆ ಅಲ್ವಾ? ಮುಂಬೈಯ ಸಮುದ್ರ ದಂಡೆಯಲ್ಲಿ ಕೂತು ನೋಡುವುದಕ್ಕೆ. ಗಿರ್‌ಗಾಂವ್ ಚೌಪಾಟಿಯ ನೀರಿಗಂತೂ ಇಳಿಯುವುದೇ ಬೇಡ.

ಇನ್ನು ವಾರದ ಮಾತು. ನಮ್ಮ ಕಡೆಯವರು ಶುಕ್ರವಾರ ರಾತ್ರಿ ಬಸ್ಸು ಹತ್ತಿ ಶನಿವಾರ ಬೆಳಿಗ್ಗೆ ಇಳಿಯುತ್ತಾರೆ. ರೈಲಾದರೆ ಹುಬ್ಬಳ್ಳಿ ಕಡೆಯಿಂದ ಹೋಗುವವು ಜಾಸ್ತಿ ದಾದರಿಗೆ ಮುಟ್ಟುತ್ತವೆ, ಗದಗಿನಿಂದ ಬಾಗಲಕೋಟೆ, ವಿಜಯಪುರ, ಸೋಲಾಪುರದ ಮೇಲೆ ಹೋಗುವ ಗಾಡಿ ಸೀದಾ ಸಿಎಸ್‌ಎಂಟಿಗೇ, ಅಂದರೆ ದಕ್ಷಿಣ ಮುಂಬೈಯ ಛತ್ರಪತಿ ಶಿವಾಜಿ ಟರ್ಮಿನಸ್ಸಿಗೇ ಹೋಗುತ್ತದೆ. ಅದೇನೇ ಇರಲಿ, ಶನಿವಾರವನ್ನು ಖರೀದಿಗೆ ಇಟ್ಟುಕೊಳ್ಳಿ. ಯಾಕೆಂದರೆ ಬಟ್ಟೆಯ ಮಂಗಲ್‌ದಾಸ್ ಮಾರ್ಕೆಟ್ ಭಾನುವಾರ ಬಂದ್. ಕ್ರಾಫರ್ಡ್ ಮಾರ್ಕೆಟ್ಟಿನಲ್ಲೂ ಆವತ್ತು ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ದಾದರಿನ ಎಷ್ಟೋ ಅಂಗಡಿಗಳಿಗೆ ಸೋಮವಾರ ರಜೆ. ಎಲಿಫೆಂಟಾ ಗುಹೆಗಳಿಗೂ ಸೋಮವಾರವೇ ರಜೆ. ಸಿದ್ಧಿವಿನಾಯಕನಿಗೆ ಮಂಗಳವಾರ ಜನ ಮುಗಿಬೀಳುತ್ತಾರೆ, ಅವತ್ತೊಂದು ಬಿಟ್ಟು ಬೇರೆ ದಿನ ಬೆಳಿಗ್ಗೆ ಬೇಗ ಹೋಗಿ. ಇಷ್ಟು ಗೊತ್ತಿದ್ದರೆ ಅರ್ಧ ಪ್ಲಾನ್ ತಾನೇ ಆಯಿತು. ಲೋಕಲ್ ರೈಲಿಗೂ ವಾರದ ಲೆಕ್ಕ ಇದೆ. ಭಾನುವಾರ ಹಳಿ ರಿಪೇರಿಗೆ ಮೆಗಾಬ್ಲಾಕ್ ಅಂತ ಮಾಡುತ್ತಾರೆ, ಕೆಲವು ಗಾಡಿ ರದ್ದು, ಕೆಲವು ತಡ. ಉಳಿದ ದಿನ ಬೆಳಿಗ್ಗೆ 8ರಿಂದ 11ರವರೆಗೆ ದಕ್ಷಿಣಕ್ಕೆ ಹೋಗುವ ಗಾಡಿ, ಸಂಜೆ 5ರ ಮೇಲೆ ಉತ್ತರಕ್ಕೆ ಹೋಗುವ ಗಾಡಿ, ಎರಡನ್ನೂ ಮಕ್ಕಳು ಮುದುಕರನ್ನು ಕಟ್ಟಿಕೊಂಡು ಹತ್ತಬೇಡಿ. ಇನ್ನೊಂದು, ಆಟೋಗಳಿಗೆ ಬಾಂದ್ರಾ, ಸಯಾನ್ ದಾಟಿ ಕೆಳಗೆ ಬರಲು ಬಿಡುವುದಿಲ್ಲ. ಕೊಲಾಬಾದಲ್ಲಿ ನಿಂತು ಆಟೋ ಕಾಯುವವರು ಸುಮ್ನೆ ಕಾಯುತ್ತಾರೆ.

ಮಂಗಲ್‌ದಾಸ್‌ನಲ್ಲಿ ಏನು ಕೊಳ್ಳಬೇಕು? ನನ್ನ ಕೇಳಿದರೆ ಮೀಟರ್ ಲೆಕ್ಕದ ಬಟ್ಟೆ. ಸಿಂಥೆಟಿಕ್ ಸೀರೆ ಹೊತ್ತು ತರಬೇಡಿ, ಸೂರತ್ತಿನ ಅದೇ ಮಾಲು ನಮ್ಮ ದುರ್ಗದ ಬೈಲಿನಲ್ಲೂ ಸಿಗುತ್ತದೆ. ಚೂಡಿದಾರಕ್ಕೆ, ಜಂಪರಿಗೆ, ಶರ್ಟಿಗೆ ಬಟ್ಟೆ ನೋಡಿ. ಅಂಗಡಿಯವನು ತಾನಿನಿಂದ ಸರಸರ ಬಿಚ್ಚಿ ದರ ಹೇಳುತ್ತಾನೆ. ಅದು ಮೀಟರಿನ ದರ, ಆದರೆ ಪನ್ನಾ, ಅಂದರೆ ಬಟ್ಟೆಯ ಅಗಲ, ಎಷ್ಟು ಅಂತ ತಾನಾಗಿ ಹೇಳುವುದು ಕಡಿಮೆ. 36 ಇಂಚಿನ ಬಟ್ಟೆ ಅಗ್ಗ ಕಾಣುತ್ತದೆ, 44 ಇಂಚಿನದು ದುಬಾರಿ ಕಾಣುತ್ತದೆ. ಊರಿಗೆ ಬಂದು ಟೇಲರ್ ಹತ್ತಿರ ಕೊಟ್ಟಾಗ ಸಣ್ಣ ಪನ್ನಾದ್ದು ತೋಳಿಗೆ ಸಾಲುವುದಿಲ್ಲ. ಮೊದಲು ಪನ್ನಾ ಕೇಳಿ, ಆಮೇಲೆ ಚೌಕಾಸಿ. ಕೊಲಾಬಾ ಕಾಸ್‌ವೇ ರಸ್ತೆಬದಿಯಲ್ಲಾದರೆ ಚೌಕಾಸಿಗೆ ನಾಚಿಕೆಯೇ ಬೇಡ. ಅರ್ಧಕ್ಕೆ ಕೇಳಿ, ಕೊಡದಿದ್ದರೆ ನಡೆಯಿರಿ. ನಮ್ಮ ಹುಬ್ಬಳ್ಳಿ ಅಕ್ಕಂದಿರಿಗೆ ಇದನ್ನು ನಾನು ಕಲಿಸಬೇಕಾಗಿಲ್ಲ ಬಿಡಿ.

ಶನಿವಾರ ಸಂಜೆ ಮರೀನ್ ಡ್ರೈವ್. ಗೇಟ್‌ವೇ ಪೂರ್ವಕ್ಕೆ ಬಂದರಿನ ಕಡೆ ಮುಖ ಮಾಡಿದೆ, ಅಲ್ಲಿ ಸೂರ್ಯ ಮುಳುಗುವುದು ಕಾಣುವುದಿಲ್ಲ. ಎಷ್ಟೋ ಜನ ಸಂಜೆ ಅಲ್ಲಿಗೆ ಹೋಗಿ ನಿಲ್ಲುತ್ತಾರೆ! ನರಿಮನ್ ಪಾಯಿಂಟ್ ಕಡೆಯಿಂದ ನಡೆಯಲು ಶುರು ಮಾಡಿದರೆ ಚೌಪಾಟಿ ಮುಟ್ಟುವ ಹೊತ್ತಿಗೆ ದೀಪ ಹತ್ತಿರುತ್ತವೆ, ಹೊಟ್ಟೆಯೂ ಹಸಿದಿರುತ್ತದೆ. ಅಲ್ಲಿ ಬಿಸಿಬಿಸಿ ಪಾವ್‌ಭಾಜಿ ತಿನ್ನಿ. ಬರ್ಫದ ಗೋಲಾ ಬೇಡ, ಆ ಬರ್ಫದ ನೀರು ಎಲ್ಲಿಯದೋ. ಎರಡು ದಿನದ ಟೂರಿನಲ್ಲಿ ಒಬ್ಬರಿಗೆ ಹೊಟ್ಟೆ ಕೆಟ್ಟರೆ ಇಡೀ ಮನೆಮಂದಿ ಲಾಡ್ಜಿನಲ್ಲೇ.

ಭಾನುವಾರ ಬೆಳಿಗ್ಗೆ ಮೊದಮೊದಲ ದೋಣಿಗೇ ಎಲಿಫೆಂಟಾಕ್ಕೆ ಹೊರಡಿ. ಗೇಟ್‌ವೇಯಿಂದ ಸುಮಾರು ಒಂದು ತಾಸಿನ ದಾರಿ. 2024ರ ಡಿಸೆಂಬರ್‌ನಲ್ಲಿ ಈ ದಾರಿಯಲ್ಲೇ ದೋಣಿ ಅಪಘಾತವಾಗಿ ಜನ ಸತ್ತಿದ್ದಾರೆ. ಲೈಫ್ ಜಾಕೆಟ್ ಹಾಕಿಕೊಳ್ಳಿ, ಫೋಟೋ ಚಂದ ಬರಲ್ಲ ಅಂತ ಬಿಚ್ಚಬೇಡಿ. ಇಳಿದ ಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲು. ಮೊಣಕಾಲು ನೋವಿನವರಿಗೆ ಹೊತ್ತೊಯ್ಯುವ ಕುರ್ಚಿ ಸಿಗುತ್ತವೆ, ದರ ಮೊದಲೇ ಮಾತಾಡಿ. ಮಂಗಗಳು ಕೈಯಲ್ಲಿನ ಚೀಲ, ಬಾಟಲಿ ಕಸಿಯುತ್ತವೆ.

"ಬಾದಾಮಿ ನೋಡೀವಿ, ಅದೇ ಅಲ್ಲೇನ್ರಿ?" ಅಂತ ಗದಗಿನ ಕಾಕಾ ಒಬ್ಬರು ಕೇಳಿದ್ದರು. ಅಲ್ಲ. ಬಾದಾಮಿಯಲ್ಲಿ ಕೆತ್ತನೆ ನಮ್ಮ ಹತ್ತಿರ ಬರುತ್ತದೆ, ಇಲ್ಲಿ ಸುಮಾರು 20 ಅಡಿಯ ಮೂರು ಮುಖದ ಶಿವ ಕತ್ತಲಿನೊಳಗಿಂದ ನಿಧಾನಕ್ಕೆ ಕಾಣುತ್ತಾನೆ. ಬಿಸಿಲಿನಿಂದ ಒಳಗೆ ಬಂದವರಿಗೆ ಮೊದಲು ಏನೂ ಕಾಣದು. ಕಣ್ಣು ಹೊಂದಿಕೊಳ್ಳುವ ತನಕ ಮೊಬೈಲ್ ಎತ್ತಬೇಡಿ. ನಮಗೆ ಇನ್ನೊಂದು ನಂಟೂ ಇದೆ. ಇಮ್ಮಡಿ ಪುಲಕೇಶಿ ನೂರಾರು ಹಡಗು ಕಟ್ಟಿಕೊಂಡು ಪುರಿಯನ್ನು ಗೆದ್ದ ಅಂತ 634ರ ಐಹೊಳೆ ಶಾಸನ ಹೇಳುತ್ತದೆ. ಆ ಪುರಿ ಈ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪವೇ ಅಂತ ಕೆಲವು ಇತಿಹಾಸಕಾರರ ಅಭಿಪ್ರಾಯ. ಇದನ್ನು ದೋಣಿಯಲ್ಲೇ ಹೇಳಿಬಿಟ್ಟರೆ ಮಕ್ಕಳು ಆಮೇಲೆ ಬೇಜಾರು ಅನ್ನುವುದಿಲ್ಲ.

ಹಾಜಿ ಅಲಿಗೆ ಹೋಗುವವರು ಮಾತ್ರ ವಾರ ಅಲ್ಲ, ಉಬ್ಬರದ ಹೊತ್ತು ನೋಡಬೇಕು. ದೊಡ್ಡ ಉಬ್ಬರದಲ್ಲಿ ನಡೆಯುವ ದಾರಿ ನೀರಿನಲ್ಲಿ ಮುಳುಗುತ್ತದೆ. ಉಬ್ಬರ ದಿನಾ ಮುಕ್ಕಾಲು ತಾಸಿನಷ್ಟು ಮುಂದೆ ಹೋಗುತ್ತದೆ, ನಿನ್ನೆ ಹೋದವರ ಹೊತ್ತು ನಿಮಗೆ ಆಗಿಬರುವುದಿಲ್ಲ. ಮೊಬೈಲಿನಲ್ಲಿ ಆವತ್ತಿನದನ್ನೇ ನೋಡಿಕೊಳ್ಳಿ.

ಊಟದ ಚಿಂತೆ ನಮ್ಮವರಿಗೆ ಜಾಸ್ತಿ. ಎರಡನೇ ದಿನಕ್ಕೇ ರೊಟ್ಟಿ ನೆನಪಾಗುತ್ತದೆ. ದಾದರ್, ಗಿರ್‌ಗಾಂವ್ ಕಡೆಯ ಮರಾಠಿ ಖಾನಾವಳಿಗಳಲ್ಲಿ ಜೋಳದ ಭಾಕ್ರಿ ಕೇಳಿ ನೋಡಿ, ಜೊತೆಗೆ ಪಿಠಲಾ, ಮೆಣಸಿನಕಾಯಿ ಕುಟ್ಟಿದ ಠೇಚಾ. ಪಿಠಲಾ ಅಂದರೆ ನಮ್ಮ ಝುಣಕದ ಮೆತ್ತಗಿನ ತಮ್ಮ. ಭಾಕ್ರಿ ನಮ್ಮಲ್ಲಿಗಿಂತ ದಪ್ಪ, ಬಿಸಿ ಇದ್ದಾಗಲೇ ಮುರಿಯಿರಿ. ಅನ್ನ ಸಾರು ಬೇಕಂದರೆ ಮಾಟುಂಗಾ. ಸ್ಟೇಷನ್ ಪಕ್ಕ 1942ರಿಂದ ಇರುವ ರಾಮಾ ನಾಯಕರ ಉಡುಪಿ ಬೋರ್ಡಿಂಗ್‌ನಲ್ಲಿ ಬಾಳೆಎಲೆ ಊಟ ಸಿಗುತ್ತದೆ. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಮೆನುವಿನಲ್ಲಿ ಬಾಂಬೆ ಡಕ್ ಅಂತ ಇದ್ದರೆ ಅದು ಬಾತುಕೋಳಿಯೂ ಅಲ್ಲ, ತರಕಾರಿಯೂ ಅಲ್ಲ, ಮೀನು.

ವಾಪಸ್ಸಿನ ದಿನ ರೂಮ್ ಬೆಳಿಗ್ಗೆಯೇ ಖಾಲಿ ಮಾಡಿ ಸಾಮಾನು ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಇಡುವವರಿದ್ದರೆ ಸಣ್ಣ ಬೀಗ ತಂದಿರಿ. ಬೀಗ ಹಾಕದ ಬ್ಯಾಗು ಅಲ್ಲಿ ತಗೊಳ್ಳುವುದಿಲ್ಲ, ಮಂಗಲ್‌ದಾಸ್‌ನ ಪ್ಲಾಸ್ಟಿಕ್ ಚೀಲ ಅಂತೂ ಮುಟ್ಟುವುದೇ ಇಲ್ಲ. ಹೋಗುವಾಗಲೇ ಒಂದು ಖಾಲಿ ಜಿಪ್ ಬ್ಯಾಗು ಮಡಚಿ ಇಟ್ಟುಕೊಳ್ಳಿ.