ಎಂಟು ಮುದ್ದೆಯ ಹೂವು

ಬೆಳಗಾವಿ ಜಿಲ್ಲೆ ಖಾನಾಪುರ ತಾಲೂಕಿನ ಕಣಕುಂಬಿಯಿಂದ ಚೋರ್ಲಾ ಕಡೆ ಹೋಗುವ ರಸ್ತೆಯಲ್ಲಿ, ಆಷಾಢದ ಮಳೆಗೆ ಒಂದು ಟೊಂಗೆ ಮುರಿದು ಬಿದ್ದಿತ್ತು. ಅದರ ತೊಗಟೆಗೆ ಅಂಗಿಯ ಗುಂಡಿ ಹೊಲಿದ ಹಾಗೆ ಚಪ್ಪಟೆ ಹಸಿರು ಗಡ್ಡೆಗಳ ಸಾಲು. ನಡುನಡುವೆ ಎಳೆಯಂಥ ದಂಟು, ಅದರಲ್ಲಿ ಅಕ್ಕಿಕಾಳಿನಷ್ಟು ಮಾಸಲು ಬಿಳಿ ಹೂ.

"ಬದನಿಕಿ ಐತಿ ತಗೋರಿ, ಮರಾನ ತಿಂದ್ಬಿಡ್ತೈತಿ" ಅಂದರು ಚಹಾ ಅಂಗಡಿಯ ಕಾಕಾ.

ಬದನಿಕೆ ಅಲ್ಲ, ಆರ್ಕಿಡ್. ಬದನಿಕೆ ಮರದೊಳಗೆ ಬೇರಿಳಿಸಿ ರಸ ಹೀರುತ್ತದೆ. ಮರದ ಮೇಲಿನ ಆರ್ಕಿಡ್ ಸುಮ್ನೆ ಕೂತಿರುತ್ತದೆ, ಅಷ್ಟೇ. ಅದರ ಬೇರಿಗೆ ಸ್ಪಂಜಿನಂಥ ಹೊದಿಕೆ ಇದೆ. ಮಳೆಯ ನೀರನ್ನು ಅದೇ ಹಿಡಿದಿಟ್ಟುಕೊಳ್ಳುತ್ತದೆ.

ನಾನು ಇಂಥದ್ದನ್ನು ಎಲ್ಲೂ ನೋಡಿರಲಿಲ್ಲ. ಹೊಸ ಪ್ರಭೇದವೇ ಸಿಕ್ಕಿತು ಅಂತ ಖುಷಿಯಾಯಿತು. ಜೊತೆಗಿದ್ದ ಬಾಟನಿ ಮೇಷ್ಟ್ರು ನಕ್ಕರು. "ನೀವು ನೋಡಿಲ್ಲ ಅಂದರೆ ಏನು ಬಂತು? 1753ರಿಂದ ಇಲ್ಲೀತನಕ ಯಾರೂ ಹೆಸರಿಟ್ಟಿಲ್ಲ ಅಂತ ತೋರಿಸಬೇಕು."

1753 ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್‌ನ ಸಸ್ಯಗ್ರಂಥ ಅಚ್ಚಾದ ವರ್ಷ. ಗಿಡಗಳ ಅಧಿಕೃತ ಹೆಸರಿನ ಲೆಕ್ಕ ಅಲ್ಲಿಂದಲೇ ಶುರು. ಆರ್ಕಿಡ್ ಕುಟುಂಬದಲ್ಲಂತೂ ಸುಮಾರು 28,000 ಪ್ರಭೇದಗಳಿವೆ. ಬೆಳಗಾವಿ ಬ್ರಿಟಿಷರ ಕಾಲದಲ್ಲಿ ಮುಂಬೈ ಪ್ರಾಂತ್ಯದಲ್ಲಿತ್ತಲ್ಲ, ಹಾಗಾಗಿ ಖಾನಾಪುರದ ಗಿಡವನ್ನು ಹುಡುಕಬೇಕಾದದ್ದು ಮುಂಬೈ ಸೀಮೆಯ ಹಳೆಯ ಪುಸ್ತಕಗಳಲ್ಲಿ: 1861ರ ಡಾಲ್ಜೆಲ್ ಮತ್ತು ಗಿಬ್ಸನ್ ಅವರದು, 1901ರಿಂದ 1908ರವರೆಗೆ ಬಂದ ಥಿಯೋಡೋರ್ ಕುಕ್ ಅವರದು.

ಮೇಷ್ಟ್ರು ಒಂದು ಹೂವನ್ನು ಸ್ಪಿರಿಟ್ ಬಾಟಲಿಗೆ ಹಾಕಿಕೊಂಡರು. ರದ್ದಿ ಪೇಪರಿನ ನಡುವೆ ಒಣಗಿಸಿದರೆ ಆರ್ಕಿಡ್ ಹೂ ಚಪ್ಪಟೆಯಾಗಿ ಅದರ ರೂಪವೇ ಕೆಡುತ್ತದೆ. ಬಣ್ಣ ಎರಡರಲ್ಲೂ ಹೋಗುತ್ತದೆ, ಅದನ್ನು ಅಲ್ಲೇ ಬರೆದಿಟ್ಟುಕೊಳ್ಳಬೇಕು.

ಮನೆಗೆ ಬಂದು ಸೂಕ್ಷ್ಮದರ್ಶಕದ ಕೆಳಗೆ ಹೂ ಬಿಚ್ಚಿದರು. ಆರ್ಕಿಡ್‌ನ ಮೂರು ದಳಗಳಲ್ಲಿ ಒಂದು ಬೇರೆಯದೇ ಆಕಾರದಲ್ಲಿರುತ್ತದೆ. ಅದಕ್ಕೆ ತುಟಿ ಅನ್ನುತ್ತಾರೆ, ಕೀಟ ಬಂದು ಕೂರುವ ಕಟ್ಟೆ ಅದು. ಗಂಡು ಹೆಣ್ಣು ಭಾಗಗಳು ಒಂದೇ ಕಂಬವಾಗಿ ಬೆಸೆದುಕೊಂಡಿರುತ್ತವೆ. ಪರಾಗ ಪುಡಿಯಾಗಿ ಉದುರುವುದಿಲ್ಲ, ಮುದ್ದೆ ಮುದ್ದೆಯಾಗಿರುತ್ತದೆ. ಈ ಮುದ್ದೆಗಳನ್ನು ಎಣಿಸುವುದೇ ದೊಡ್ಡ ಕೆಲಸ. ಎರಡೇ ಇದ್ದು ಒಂದು ಪಟ್ಟಿಗೆ ಅಂಟಿಕೊಂಡಿದ್ದರೆ ಸೀತಾಳೆ ದಂಡೆಯ ಬಳಗ ಇರಬಹುದು. ದಂಟಿಲ್ಲದ ನಾಲ್ಕಿದ್ದರೆ ಡೆಂಡ್ರೋಬಿಯಂ ಎಂಬ ಆರ್ಕಿಡ್ ಗುಂಪಿನ ಕಡೆ ನೋಡಬೇಕು. ಮೇಷ್ಟ್ರು ಸೂಜಿಯ ತುದಿಯಿಂದ ಒಂದೊಂದೇ ಸರಿಸಿದರು. ಎಂಟು. ಅಂದರೆ ಏರಿಯಾ (Eria) ಅನ್ನುವ ಇನ್ನೊಂದು ಆರ್ಕಿಡ್ ಗುಂಪಿನ ಕಡೆ. ಸಾಸಿವೆಗಿಂತ ಸಣ್ಣದನ್ನು ಎಂಟರವರೆಗೆ ಎಣಿಸುವಾಗ ನಾನು ಉಸಿರು ಬಿಗಿಹಿಡಿದಿದ್ದೆ, ಸುಳ್ಳಲ್ಲ.

ನಿಜಕ್ಕೂ ಹೊಸದಾಗಿದ್ದರೆ ಮುಂದಿನ ದಾರಿ ಉದ್ದ. ಹತ್ತಿರದ ಪ್ರಭೇದಗಳ ಹಳೆಯ ಮಾದರಿಗಳನ್ನು ಹರ್ಬೇರಿಯಂಗಳಿಂದ, ಅಂದರೆ ಒಣಗಿಸಿದ ಗಿಡಗಳನ್ನು ಕಾದಿಡುವ ಸಂಗ್ರಹಾಲಯಗಳಿಂದ, ತರಿಸಿ ಹೋಲಿಸಬೇಕು. ತುಟಿಯ ಅಳತೆ, ಅದರ ಮೇಲಿನ ಏಣು, ಎಲೆಯ ತುದಿ, ಎಲ್ಲವನ್ನೂ ಮಿಲಿಮೀಟರಿನಲ್ಲಿ ಬರೆದು ಚಿತ್ರ ಬಿಡಿಸಬೇಕು. ಡಿಎನ್‌ಎ ಪರೀಕ್ಷೆಯಿಂದ ನೆಂಟಸ್ತನ ಗೊತ್ತಾಗುತ್ತದೆ, ಆದರೆ ವಿವರಣೆ ಬರೆಯುವ ಕೆಲಸ ತಪ್ಪುವುದಿಲ್ಲ. ಆ ಹೆಸರಿಗೆ ಸಾಕ್ಷಿಯಾಗಿ ಒಂದೇ ಒಂದು ಮಾದರಿಯನ್ನು 'ಹೋಲೋಟೈಪ್' ಎಂದು ಗುರುತಿಸಿ ಹರ್ಬೇರಿಯಂನಲ್ಲಿ ಇಡಬೇಕು. ಮುಂದೆ ತಕರಾರು ಬಂದರೆ ಎಲ್ಲರೂ ಅದನ್ನೇ ತೆಗೆದು ನೋಡುತ್ತಾರೆ. 1935ರಿಂದ 2011ರವರೆಗೆ ವಿವರಣೆ ಲ್ಯಾಟಿನ್‌ನಲ್ಲೇ ಇರಬೇಕಿತ್ತು. 2012ರಿಂದ ಇಂಗ್ಲಿಷ್ ಕೂಡ ನಡೆಯುತ್ತದೆ. ಕನ್ನಡದ ಪಾಳಿ ಇನ್ನೂ ಬಂದಿಲ್ಲ.

ನಮ್ಮ ಹೂವಿಗೆ ಇಷ್ಟೆಲ್ಲ ಬೇಕಾಗಲಿಲ್ಲ. ಅದು ಡಾಲ್ಜೆಲ್ ಹತ್ತೊಂಬತ್ತನೇ ಶತಮಾನದಲ್ಲೇ ಹೆಸರಿಟ್ಟ ಗಿಡ. ಅವರು ಅದನ್ನು ಡೆಂಡ್ರೋಬಿಯಂ ಅಂದರು. ಇಂಗ್ಲೆಂಡಿನ ಆರ್ಕಿಡ್ ತಜ್ಞ ಲಿಂಡ್ಲೆ ಏರಿಯಾಕ್ಕೆ ಸೇರಿಸಿದರು. ಆಮೇಲೆ ಕೊಂಕಿಡಿಯಂ ಆಯಿತು, ಈಗ ಪೋರ್ಪ್ಯಾಕ್ಸ್. ನಮ್ಮ ಕಡೆ ಅಡ್ಡಹೆಸರು ಇರುತ್ತದಲ್ಲ, ಹಾಗೆ ಗಿಡಕ್ಕೆ ಕುಲದ ಹೆಸರು. ನಮ್ಮಲ್ಲಿ ಅದು ಕೊನೆಗೆ ಬರುತ್ತದೆ, ಗಿಡಗಳಲ್ಲಿ ಮೊದಲು. ಮೂರು ಸಲ ಮನೆ ಬದಲಾದರೂ ಡಾಲ್ಜೆಲ್ ಇಟ್ಟ ಸ್ವಂತ ಹೆಸರು ಹಾಗೇ ಉಳಿದಿದೆ: ಮೈಕ್ರೋಕಿಲೋಸ್, ಅಂದರೆ ಗ್ರೀಕಿನಲ್ಲಿ ಸಣ್ಣ ತುಟಿಯದ್ದು.

ಟೊಂಗೆಯನ್ನು ನಾವು ಅಲ್ಲೇ ಒಂದು ಮರದ ಕವಲಿಗೆ ಸುತಳಿ ಸುತ್ತಿ ಕಟ್ಟಿ ಬಂದಿದ್ದೆವು. ಕಾಕಾ ಒಳಗಿನಿಂದ ಸುತಳಿ ತಂದುಕೊಟ್ಟರು. ಬದನಿಕಿ ಅನ್ನುವುದನ್ನು ಮಾತ್ರ ಬಿಡಲಿಲ್ಲ.