ಉಡ್ಡಿಯಾನದಲ್ಲಿ ಹಾರುವುದು ಯಾವುದು?

ಬೆಳಗ್ಗೆ ಲಾಲ್‌ಬಾಗಿನ ಹುಲ್ಲಿನ ಮೇಲೆ ನಿಂತು ಹೊಟ್ಟೆಯ ಸ್ನಾಯುಗಳನ್ನು ಬಿಗಿದು ಒಳಕ್ಕೆಳೆದುಕೊಂಡರೆ ಅದು ಉಸಿರು ಬಿಟ್ಟು ಹೊಟ್ಟೆಯನ್ನು ಒಳಕ್ಕೆ ಸೆಳೆಯುವ ಯೋಗಕ್ರಿಯೆಯಾದ ಉಡ್ಡಿಯಾನ ಬಂಧವಲ್ಲ. ಫೋಟೋಗೆ ನಿಂತಾಗ ಎಲ್ಲರೂ ಮಾಡುವುದು ಅದನ್ನೇ.

‘ಉತ್’ ಅಂದರೆ ಮೇಲಕ್ಕೆ, ‘ಡೀ’ ಧಾತುವಿಗೆ ಹಾರು ಎಂಬರ್ಥ. ಪತ್ರಿಕೆಗಳ ‘ಉಡ್ಡಯನ’ ಇದರದೇ ಒಡಹುಟ್ಟು. ಹಾರುವುದು ಏನು ಎಂದರೆ ಇಂದಿನ ಯೋಗ ತರಗತಿಗಳಲ್ಲಿ ಸಿಗುವ ಉತ್ತರ, ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆಯಾದ ವಪೆ. 15ನೇ ಶತಮಾನದ ‘ಹಠಯೋಗಪ್ರದೀಪಿಕೆ’ಯಲ್ಲಿ ವಪೆಯ ಸುದ್ದಿಯೇ ಇಲ್ಲ, ಅಲ್ಲಿ ಸುಷುಮ್ನೆ ಎಂಬ, ಬೆನ್ನಿನ ನಡುವಿನ ನಾಡಿಯೊಳಗೆ ಹಾರುವುದು ಪ್ರಾಣವೆಂಬ ‘ಮಹಾಖಗ’, ದೊಡ್ಡ ಹಕ್ಕಿ. ಹೊಕ್ಕುಳಿನ ಮೇಲುಕೆಳಗನ್ನು ಬೆನ್ನಿನತ್ತ ಸೆಳೆಯಬೇಕು ಎಂದಷ್ಟೇ ಹೇಳಿ, ಮುದುಕನೂ ತರುಣನಾಗುತ್ತಾನೆ ಎಂದು ಗ್ರಂಥ ಮುಂದೆ ಹೋಗುತ್ತದೆ. ಮುದುಕರ ವಿಷಯ ಹಾಗಿರಲಿ, ಸೆಳೆಯುವವರು ಯಾರು ಎಂಬುದೇ ಇಲ್ಲಿನ ಸ್ವಾರಸ್ಯ.

ಸೂಜಿ ತೆಗೆದ ಸಿರಿಂಜಿನ ಮೂತಿಗೆ ಬೆರಳೊತ್ತಿ ಹಿಡಿಕೆ ಎಳೆಯಿರಿ. ಗಾಳಿ ಅಷ್ಟೇ, ಜಾಗ ಮಾತ್ರ ಹೆಚ್ಚು. ಒಳಗಿನ ಒತ್ತಡ ಇಳಿಯುತ್ತದೆ. ಕೈಬಿಟ್ಟರೆ ಹೊರಗಿನ ಗಾಳಿಯೇ ಹಿಡಿಕೆಯನ್ನು ಒಳಕ್ಕೆ ನೂಕುತ್ತದೆ. ಎದೆಗೂಡೇ ಸಿರಿಂಜು, ಮುಚ್ಚಿದ ಗಂಟಲೇ ಬೆರಳು. ಉಸಿರು ಪೂರ್ತಿ ಬಿಟ್ಟು, ಗಂಟಲು ಮುಚ್ಚಿ, ಉಸಿರೆಳೆಯುವವರಂತೆ ಪಕ್ಕೆಲುಬುಗಳನ್ನು ಅರಳಿಸಿದರೆ ಗಾಳಿಗೆ ದಾರಿಯಿಲ್ಲ. ಸಡಿಲವಾಗಿರುವ ವಪೆ ಮೇಲೇರುತ್ತದೆ, ಅದರ ಬೆನ್ನಿಗೇ ಜಠರ, ಕರುಳು. ಹೊಟ್ಟೆಯ ಗೋಡೆಯನ್ನು ಹೊರಗಿನ ಗಾಳಿ ಒಳಕ್ಕೊತ್ತುತ್ತದೆ. ಎಳನೀರಿನ ಸ್ಟ್ರಾ ತುದಿಗೆ ಗಂಜಿ ಸಿಕ್ಕಿಕೊಂಡಾಗ ಎಳೆದರೆ ಕೊಳವೆ ಚಪ್ಪಟೆಯಾಗುತ್ತದಲ್ಲ, ಹಾಗೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ. ಆದರೂ ಚದರ ಸೆಂಟಿಮೀಟರಿಗೆ 900 ಗ್ರಾಂ ಮೀರಿದ ಭಾರ. ಅದರಲ್ಲೊಂದು ಚೂರು ಸಾಕು. ಬಿಗಿದ ಹೊಟ್ಟೆಯಾದರೋ ಈ ಒತ್ತಡಕ್ಕೇ ಅಡ್ಡ ನಿಲ್ಲುತ್ತದೆ.

ಇದನ್ನು ಎಕ್ಸ್‌ರೇಯಲ್ಲಿ ನೋಡಿದವರು ಯೋಗ ಸಂಶೋಧಕ ಸ್ವಾಮಿ ಕುವಲಯಾನಂದರು. 1924ರಲ್ಲಿ ಮಹಾರಾಷ್ಟ್ರದ ಲೋಣಾವಳದಲ್ಲಿ ಕೈವಲ್ಯಧಾಮ ಎಂಬ ಯೋಗ ಸಂಸ್ಥೆ ಕಟ್ಟಿ, ಉಡ್ಡಿಯಾನವನ್ನೂ ಹೊಟ್ಟೆಯ ಸ್ನಾಯುಗಳನ್ನು ಹೊರಳಿಸುವ ನೌಲಿಯನ್ನೂ ಪ್ರಯೋಗಶಾಲೆಗೆ ತಂದರು.

ಮಾಡುವ ಬಗೆ ಇಷ್ಟು. ಊಟವಾಗಿ ನಾಲ್ಕೈದು ಗಂಟೆ ಕಳೆದಿರಲಿ. ಬೆಳಗಿನ ಖಾಲಿ ಹೊಟ್ಟೆಯಾದರೆ ಇನ್ನೂ ಒಳ್ಳೆಯದು. ಪಾದಗಳ ನಡುವೆ ಒಂದಡಿ, ಮೊಣಕಾಲು ತುಸು ಮಡಿಸಿ, ಅಂಗೈ ತೊಡೆಗೂರಿ. ಬಾಯಿಂದ ಉಸಿರು ಪೂರ್ತಿ ಹೊರಹಾಕಿ, ಗಂಟಲು ಮುಚ್ಚಿ, ಗದ್ದ ಇಳಿಸಿ, ಹೊಟ್ಟೆ ಸಡಿಲ ಬಿಟ್ಟು ಎದೆ ಅರಳಿಸಿ. ಪಕ್ಕೆಲುಬಿನ ಕೆಳಗೆ ಬಟ್ಟಲಿನಂಥ ಗುಳಿ ಬಿದ್ದರೆ ಸರಿ ಬಂದಿದೆ. ಬೀಳದಿದ್ದರೆ ಉಸಿರು ಅರ್ಧ ಒಳಗೇ ಉಳಿದಿದೆ, ಇಲ್ಲವೇ ಮೂಗಿನಿಂದ ಗಾಳಿ ಕದ್ದು ನುಗ್ಗಿದೆ. ಮೊದಮೊದಲು ಐದು ಸೆಕೆಂಡು, ಮೂರು ಸಲ ಸಾಕು. ಗರ್ಭಿಣಿಯರು, ರಕ್ತದೊತ್ತಡ, ಹೃದ್ರೋಗ, ಹರ್ನಿಯಾ, ಹೊಟ್ಟೆಯ ಹುಣ್ಣು ಇರುವವರು ಇದರ ತಂಟೆಗೆ ಹೋಗಬಾರದು. ಬೊಜ್ಜು ಕರಗುತ್ತದೆ ಎಂಬುದು ಸುಳ್ಳು. ಕೊಬ್ಬನ್ನು ಒಳಗೆ ತಳ್ಳಿದ ಮಾತ್ರಕ್ಕೆ ಅದು ಉರಿಯುವುದಿಲ್ಲ.

ಹೆಚ್ಚಿನವರು ಎಡವುವುದು ಬಿಡುವಾಗ. ಮೊದಲು ಪಕ್ಕೆಲುಬು ಇಳಿಸಿ, ಹೊಟ್ಟೆ ಮುಂದೆ ಬಂದ ಮೇಲೆ ಗಂಟಲು ತೆರೆಯಬೇಕು. ‘ಹ್ಹಾ’ ಎಂಬ ಸದ್ದಿನೊಂದಿಗೆ ಗಾಳಿ ನುಗ್ಗಿ ಕೆಮ್ಮು ಬಂದರೆ ಗಂಟಲು ಮೊದಲೇ ತೆರೆದಿದೆ ಎಂದರ್ಥ. ಮುಂದಿನ ಸಲ ಎರಡು ಸೆಕೆಂಡು ಮುಂಚೆಯೇ ಪಕ್ಕೆಲುಬು ಇಳಿಸಿ.